ಊರು ದಾಟಿದರೂ ಲೆಕ್ಕ ಒಂದೇ ಇರಲಿ

ಕಾಶಿ, ಗಯಾ, ಪ್ರಯಾಗಕ್ಕೆಂದು ನಮ್ಮ ಜಿಲ್ಲೆಗಳಿಂದ ಹೊರಡುವ ಯಾತ್ರೆ ಬಸ್ಸುಗಳಲ್ಲಿ ಡ್ರೈವರ್ ಹಿಂದಿನ ಸೀಟು ಲೆಕ್ಕದವರದು. ಡೀಸೆಲ್, ಟೋಲ್, ಪಾರ್ಕಿಂಗ್, ಛತ್ರದ ಬಾಡಿಗೆ, ಬೆಳಗಿನ ಹಾಲು, ದಾರಿಯ ಸಂತೆಯಲ್ಲಿ ಕೊಂಡ ತರಕಾರಿ, ಗ್ಯಾಸ್ ಸಿಲಿಂಡರ್, ಡ್ರೈವರ್ ಬಾಟಾ ಎಲ್ಲವೂ ಅವರ ಕೈಯಲ್ಲೇ ಹಾದುಹೋಗಬೇಕು. ಜತೆಗೆ ಯಾರ ಮುಂಗಡ ಎಷ್ಟು ಬಂದಿದೆ, ಯಾರ ಬಾಕಿ ಎಷ್ಟು, ಯಾರಿಗೆ ಮೆಟ್ಟಿಲು ಹತ್ತಲು ಆಗದ್ದರಿಂದ ಕೆಳಗಿನ ರೂಮೇ ಆಗಬೇಕು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೂ ಅವರಿಗೇ ಗೊತ್ತಿರಬೇಕು. ಹಿಂದೆ ಇದಕ್ಕೆಲ್ಲ ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಈಗ ಊರಿನ ಕಂಪ್ಯೂಟರಿನಲ್ಲಿ ಮಗನೋ ಸೊಸೆಯೋ ಮಾಡಿಕೊಟ್ಟ ಎಕ್ಸೆಲ್ ಶೀಟು ಫೋನಿನಲ್ಲಿ ಬಂದು ಕೂತಿದೆ.

ಶೀಟು ಬಂದ ದಾರಿಯಲ್ಲೇ ತೊಂದರೆ ಇದೆ. ಹೆಚ್ಚಿನವರಿಗೆ ಅದು ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಆಗಿ ಬಂದಿರುತ್ತದೆ. ಬೆರಳಿಟ್ಟರೆ ತೆರೆಯುತ್ತದೆ, ಅಂಕಿ ಬರೆದರೆ ಕೂರುತ್ತದೆ, ಕೂಡಿಕೆ ಬದಲಾಗುತ್ತದೆ. ಎಲ್ಲ ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಆದರೆ ಆ ಬರಹ ಉಳಿಯುವುದು ಆ ಒಂದು ಫೋನಿನಲ್ಲಿ, ಬೇರೆಯೇ ಒಂದು ಪ್ರತಿಯಾಗಿ. ಊರಿನ ಕಂಪ್ಯೂಟರಿನಲ್ಲಿರುವ ಮೂಲ ಫೈಲಿಗೆ ಅದರ ಸುಳಿವೂ ಇರುವುದಿಲ್ಲ. ಅಡುಗೆಯವರಿಗೂ ಅದೇ ಫೈಲ್ ಕಳಿಸಿದ್ದರೆ ಮೂರನೆಯ ಪ್ರತಿ ಹುಟ್ಟಿತು. ನಾಲ್ಕನೇ ದಿನ ನಾಗಪುರ ದಾಟುವ ಹೊತ್ತಿಗೆ ಒಂದೇ ಹೆಸರಿನ ಪಕ್ಕ ಕಂಸದಲ್ಲಿ 1, 2, 3 ಎಂದು ಬರೆದುಕೊಂಡ ಫೈಲುಗಳು ಸಾಲುಗಟ್ಟಿರುತ್ತವೆ. ಯಾವುದರಲ್ಲಿ ಯಾರ ಬಾಕಿ ಚುಕ್ತಾ ಆಗಿದೆ ಎಂದು ಹೇಳುವವರಿಲ್ಲ. ಫೈಲ್ ಕಳಿಸುವುದೆಂದರೆ ನೋಟ್‌ಬುಕ್ಕನ್ನು ಝೆರಾಕ್ಸ್ ಮಾಡಿ ಹಂಚಿದಂತೆ. ಪ್ರತಿಯೊಬ್ಬರೂ ತಮ್ಮ ತಮ್ಮ ಝೆರಾಕ್ಸ್ ಮೇಲೆ ಬರೆಯುತ್ತ ಹೋಗುತ್ತಾರೆ.

ಪ್ರವಾಸದಲ್ಲಿ ಫೋನ್ ಹಿಡಿದು ಲೆಕ್ಕ ಬರೆಯುವವರು ಯಾವ ಆ್ಯಪ್ ಒಳ್ಳೆಯದು ಎಂದು ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಾನೀಗ ಬರೆಯುತ್ತಿರುವ ಶೀಟು ಎಲ್ಲಿದೆ? ಉತ್ತರ ಖಚಿತವಾಗಿ ಗೊತ್ತಿದ್ದರೆ ಸಾಧಾರಣ ಫೋನಿನಲ್ಲೂ ದೊಡ್ಡ ಯಾತ್ರೆಯ ಲೆಕ್ಕ ಹಿಡಿಯಬಹುದು. ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಫೋನಿದ್ದರೂ ಊರಿಗೆ ಬಂದ ಮೇಲೆ ಜಗಳ ಕಾದಿರುತ್ತದೆ.

ಫೈಲನ್ನು ಇಂಟರ್‌ನೆಟ್ ಮೂಲಕ ದೂರದ ಸರ್ವರಿನಲ್ಲಿಡುವ ಕ್ಲೌಡ್ ಸ್ಟೋರೇಜ್ ಬಳಕೆಗೆ ಬಂದದ್ದೇ ಇಂಥ ಅವಸ್ಥೆಯಿಂದ ತಪ್ಪಿಸಿಕೊಳ್ಳಲು. ಡ್ರಾಪ್‌ಬಾಕ್ಸ್ ಕಟ್ಟಿದ ಡ್ರೂ ಹ್ಯೂಸ್ಟನ್ ಅಮೆರಿಕದ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಬಸ್ಸಿನಲ್ಲಿ ಹೊರಟಿದ್ದಾಗ ಕೆಲಸದ ಫೈಲುಗಳಿದ್ದ ಪೆನ್‌ಡ್ರೈವ್ ಮನೆಯಲ್ಲೇ ಉಳಿದಿತ್ತು. ಆ ಬಸ್ಸಿನಲ್ಲೇ ಕೂತು ಪ್ರೋಗ್ರಾಂ ಬರೆಯಲು ಶುರು ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. 2008ರಲ್ಲಿ ಡ್ರಾಪ್‌ಬಾಕ್ಸ್ ಜನರ ಕೈಗೆ ಬಂತು. ಅದಕ್ಕೂ ಎರಡು ವರ್ಷ ಮೊದಲು, 2006ರಲ್ಲಿ, ಗೂಗಲ್ ತನ್ನ ಸ್ಪ್ರೆಡ್‌ಶೀಟನ್ನು ಬ್ರೌಸರಿನಲ್ಲೇ ತೆರೆಯುವಂತೆ ಮಾಡಿತ್ತು. 2012ರಲ್ಲಿ ಗೂಗಲ್ ಡ್ರೈವ್ ಬಂತು, 2014ರಲ್ಲಿ ಶೀಟ್ಸ್ ಎಂಬ ಪ್ರತ್ಯೇಕ ಆ್ಯಪ್ ಫೋನಿಗೆ ಬಂತು. ಮೈಕ್ರೋಸಾಫ್ಟ್ ಕೂಡ ತನ್ನ ಎಕ್ಸೆಲನ್ನು ಫೋನಿಗೆ ಇಳಿಸಿ, ಪರದೆ 10.1 ಇಂಚಿನೊಳಗೆ ಇದ್ದರೆ ಮನೆ ಬಳಕೆಗೆ ತಿದ್ದುವ ಕೆಲಸ ಉಚಿತ ಎಂದಿತು. 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನಲ್ಲಿ 63 ಕಾಲಂ, 254 ಸಾಲು ಇದ್ದವು. ಇಂದು ಒಂದು ಗೂಗಲ್ ಶೀಟಿನಲ್ಲಿ 1 ಕೋಟಿ ಸೆಲ್‌ಗಳವರೆಗೆ ಜಾಗವಿದೆ. ಯಾತ್ರೆ ಲೆಕ್ಕಕ್ಕೆ ವಿಸಿಕ್ಯಾಲ್ಕ್‌ನಷ್ಟೇ ಸಾಕಿತ್ತು ಎಂಬುದೂ ನಿಜ.

ಇವೆಲ್ಲ ಮೇಲ್ನೋಟಕ್ಕೆ ಒಂದೇ ಕೆಲಸ ಮಾಡಿದರೂ ಒಳಗಿನ ನಡೆ ಬೇರೆ ಬೇರೆ. ಡ್ರಾಪ್‌ಬಾಕ್ಸ್ ಮುಖ್ಯವಾಗಿ ಫೈಲನ್ನು ಇಡಿಯಾಗಿ ನೋಡುತ್ತದೆ. ಒಂದೇ ಫೈಲನ್ನು ಇಬ್ಬರು ತಮ್ಮ ತಮ್ಮಲ್ಲಿ ಇಟ್ಟುಕೊಂಡು ತಿದ್ದಿದರೆ ಒಬ್ಬರದನ್ನು ಉಳಿಸಿಕೊಂಡು ಇನ್ನೊಬ್ಬರದನ್ನು ‘ತಗಾದೆಯ ಪ್ರತಿ’ ಎಂಬರ್ಥದ ಹೆಸರು ಹಚ್ಚಿ ಪಕ್ಕದಲ್ಲಿಡುತ್ತದೆ. ಎರಡನ್ನೂ ಕೂಡಿಸುವ ಹೊಣೆ ನಮ್ಮದೇ. ಗೂಗಲ್ ಶೀಟ್ಸ್ ಹಾಗಲ್ಲ. ನೀವು ಒಂದು ಸೆಲ್‌ನಲ್ಲಿ 450 ಎಂದು ಬರೆದರೆ ಇಡೀ ಶೀಟು ಮತ್ತೆ ಹೋಗುವುದಿಲ್ಲ. ‘ಇಂಥ ಸೆಲ್‌ನಲ್ಲಿ ಇಂಥ ಬದಲಾವಣೆ’ ಎಂಬ ಸಣ್ಣ ಸುದ್ದಿ ಮಾತ್ರ ಸರ್ವರಿಗೆ ಹೋಗುತ್ತದೆ. ಅಷ್ಟರಲ್ಲಿ ಊರಿನಲ್ಲಿ ಸೊಸೆ ಮೇಲ್ಗಡೆ ಒಂದು ಹೊಸ ಸಾಲು ಸೇರಿಸಿದ್ದರೆ, 41ನೇ ಸಾಲಿಗೆಂದು ನೀವು ಕಳಿಸಿದ್ದನ್ನು ಸರ್ವರ್ 42ಕ್ಕೆ ಸರಿಸಿಕೊಳ್ಳುತ್ತದೆ. ಹಲವರ ತಿದ್ದುಪಡಿಗಳನ್ನು ಹೀಗೆ ಹೊಂದಿಸುವ ವಿಚಾರವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು 1989ರಲ್ಲೇ ಪ್ರಬಂಧವಾಗಿ ಮಂಡಿಸಿದ್ದರು. ಎಕ್ಸೆಲ್‌ನಲ್ಲೂ ಹಲವರು ಒಟ್ಟಿಗೆ ಬರೆಯಬಹುದು, ಆದರೆ ಫೈಲ್ ಒನ್‌ಡ್ರೈವ್‌ನಂಥ ಕ್ಲೌಡ್ ಜಾಗದಲ್ಲಿರಬೇಕು. ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿರುವ ಎಕ್ಸೆಲ್ ಫೈಲನ್ನು ಇನ್ನೊಬ್ಬರು ನೋಡಲಾರರು.

ಆದ್ದರಿಂದ ಯಾತ್ರೆಗೆ ಹೊರಡುವವರಿಗೆ ನನ್ನ ಮೊದಲ ಸಲಹೆ: ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ. ಶೀಟು ಕ್ಲೌಡ್‌ನಲ್ಲಿ ಒಂದೇ ಇರಲಿ. ಯಾರು ಬರೆಯಬೇಕೋ ಅವರೆಲ್ಲ ಅಲ್ಲಿಗೇ ಹೋಗಿ ಬರೆಯಲಿ. ಎಂಟು-ಹತ್ತು ಜನ ಸೇರಿ ನಡೆಸುವ ಸಾಮಾನ್ಯ ಲೆಕ್ಕಕ್ಕೆ ಗೂಗಲ್ ಶೀಟ್ಸ್ ಸುಲಭ ಎಂದು ನನಗನ್ನಿಸುತ್ತದೆ, ಮುಖ್ಯವಾಗಿ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಖಾತೆ ಮೊದಲೇ ಇರುವುದರಿಂದ. ಆಡಿಟರ್ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಮ್ಯಾಕ್ರೊ, ಅಂದರೆ ಕೆಲಸಗಳನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಇದ್ದರೆ ಅದನ್ನು ಫೋನಿನಲ್ಲಿ ಮುಟ್ಟದಿರುವುದೇ ಲೇಸು. ಫೋನಿನ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಓಡುವುದಿಲ್ಲ. ದಾರಿಯ ಖರ್ಚನ್ನು ಬೇರೆ ಶೀಟಿನಲ್ಲಿ ಬರೆದುಕೊಂಡು ಊರಿಗೆ ಬಂದ ಮೇಲೆ ಅದಕ್ಕೆ ಸೇರಿಸಿದರಾಯಿತು.

ಇಷ್ಟಾದರೂ ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ನಾಡಿನಲ್ಲಿ ಅದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ದಾರಿ 55 ಕಿಲೋಮೀಟರ್, ಅದರಲ್ಲಿ 57 ಸುರಂಗಗಳು. ಮಂಗಳೂರಿನ ಕಡೆ ಹೊರಟ ರೈಲು ಆ ಘಟ್ಟ ಇಳಿಯುವಾಗ ಫೋನಿನ ಸಿಗ್ನಲ್ ಬರುವುದು ಕ್ಷಣ, ಹೋಗುವುದು ಬಹಳ ಹೊತ್ತು. ಮುಂದೆ ಕೊಂಕಣ ರೈಲ್ವೆ ಹಿಡಿದರೂ ಸುರಂಗಗಳ ಸಾಲೇ. ಚಾರ್ಮಾಡಿ, ಶಿರಾಡಿ, ಆಗುಂಬೆಯ ರಸ್ತೆಗಳಲ್ಲಿ ಹೋದವರಿಗೂ ಇದು ಗೊತ್ತು. ಇಂಥ ಕಡೆ ಕ್ಲೌಡ್‌ನಲ್ಲಿರುವ ಶೀಟು ತೆರೆಯಬೇಕೆಂದರೆ ಅದನ್ನು ಮೊದಲೇ ಆಫ್‌ಲೈನ್‌ಗೆ ಇಟ್ಟುಕೊಂಡಿರಬೇಕು. ಗೂಗಲ್ ಡ್ರೈವ್ ಅಥವಾ ಶೀಟ್ಸ್ ಆ್ಯಪ್‌ನಲ್ಲಿ ಶೀಟಿನ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಆಫ್‌ಲೈನ್ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಒತ್ತಿದರೆ ಶೀಟಿನ ಪ್ರತಿ ಫೋನಿಗೆ ಇಳಿಯುತ್ತದೆ. ನೆಟ್ ಇಲ್ಲದಾಗ ಬರೆದದ್ದು ಫೋನಿನಲ್ಲಿ ಸರದಿ ನಿಂತು, ನೆಟ್ ಬಂದ ಕೂಡಲೇ ಸರ್ವರಿಗೆ ಹೋಗುತ್ತದೆ. ಈ ಪ್ರತಿ ವಾಟ್ಸ್‌ಆ್ಯಪ್ ಪ್ರತಿಯಂಥದ್ದಲ್ಲ, ತನ್ನ ಮೂಲ ಎಲ್ಲಿದೆ ಎಂಬುದು ಇದಕ್ಕೆ ಗೊತ್ತು.

ಆದರೂ ಇಲ್ಲೊಂದು ಅಪಾಯವಿದೆ, ಇದನ್ನು ಕೊಂಚ ನಿಧಾನವಾಗಿ ಹೇಳಬೇಕು. ಲೆಕ್ಕ ಹಿಡಿದ ಮ್ಯಾನೇಜರ್ ಬಸ್ಸಿನಲ್ಲಿ, ಅಡುಗೆಯವರು ಸಾಮಾನಿನ ವ್ಯಾನಿನಲ್ಲಿ. ಇಬ್ಬರಿಗೂ ನೆಟ್ ಇಲ್ಲ. ಶೀಟಿನಲ್ಲಿ 40 ಸಾಲು ತುಂಬಿದೆ. ಮ್ಯಾನೇಜರ್ 41ನೇ ಸಾಲಿನಲ್ಲಿ ಡೀಸೆಲ್ ಬರೆಯುತ್ತಾರೆ. ಅಡುಗೆಯವರು ತಮ್ಮ ಫೋನಿನಲ್ಲಿ ಖಾಲಿ ಕಾಣುತ್ತಿರುವ ಅದೇ 41ನೇ ಸಾಲಿನಲ್ಲಿ ಟೊಮೆಟೊ, ಬೀನ್ಸ್ ಬರೆಯುತ್ತಾರೆ. ಸಂಜೆ ನೆಟ್ ಬಂದಾಗ ಸರ್ವರಿಗೆ ಯಾರದು ಕೊನೆಗೆ ತಲುಪಿತೋ ಅದು ಉಳಿಯುತ್ತದೆ, ಇನ್ನೊಂದು ಅದರಡಿ ಮುಚ್ಚಿಹೋಗುತ್ತದೆ. ಎಷ್ಟೋ ಸಾವಿರದ ಡೀಸೆಲ್ ಖರ್ಚು ಹೀಗೆ ಸದ್ದಿಲ್ಲದೆ ಕಾಣೆಯಾಗಬಹುದು. ಯಾರೂ ತಪ್ಪು ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಆದರೂ ಪರಸ್ಪರ ಅನುಮಾನ ಹುಟ್ಟುತ್ತದೆ. ಇದಕ್ಕೆ ಪರಿಹಾರ ಸರಳ. ಒಂದೇ ಫೈಲಿನೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಶೀಟು ಮಾಡಿಕೊಡಿ, ಬಸ್ಸಿನ ಖರ್ಚಿಗೊಂದು, ಅಡುಗೆಗೊಂದು, ರೂಮಿಗೊಂದು. ಕೂಡಿಕೆ ಮಾತ್ರ ಮೊದಲ ಶೀಟಿನಲ್ಲಿ ತಾನಾಗಿ ಬರಲಿ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬರೆಯದಿದ್ದರೆ ಹೀಗೆ ಮುಚ್ಚಿಹೋಗುವ ಸಂದರ್ಭವೇ ಬರುವುದಿಲ್ಲ. ಇನ್ನೊಂದು ಮಾತು: ಆಫ್‌ಲೈನ್‌ನಲ್ಲಿ ಬರೆದದ್ದು ಸರ್ವರಿಗೆ ಹೋಗುವ ಮುಂಚೆ ಆ್ಯಪ್ ತೆಗೆದುಹಾಕಿದರೆ ಅಥವಾ ಅದರ ಡೇಟಾ ಅಳಿಸಿದರೆ ಬರೆದದ್ದೂ ಹೋಯಿತು. ಫೋನ್ ನಿಧಾನವಾಯಿತೆಂದು ದಾರಿಯಲ್ಲಿ ಆ್ಯಪ್‌ಗಳನ್ನು ತೊಳೆಯಲು ಹೋಗಬೇಡಿ.

ಉತ್ತರದ ಯಾತ್ರೆಗಳಲ್ಲಿ ಸಿಗ್ನಲ್ ಇದ್ದೂ ಫೋನ್ ಸುಮ್ಮನಾಗುವ ಜಾಗಗಳಿವೆ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಸಿಮ್ ನಡೆಯುತ್ತದೆ. ವೈಷ್ಣೋದೇವಿಗೋ ಅಮರನಾಥಕ್ಕೋ ಹೊರಟ ತಂಡದಲ್ಲಿ ಲೆಕ್ಕದವರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಮಿಕ್ಕವರ ಫೋನುಗಳಿಗೆ ಅವರ ಹಾಟ್‌ಸ್ಪಾಟ್ ಸಾಕು. 2020ರಿಂದ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾಗಿದೆ. ಅದರ ಮುಖ್ಯ ಭಾಗ ನಡೆಯುವುದು ಚೀನಾದ ಹಿಡಿತದಲ್ಲಿರುವ ಟಿಬೆಟ್‌ನಲ್ಲಿ. ಅಲ್ಲಿನ ಇಂಟರ್‌ನೆಟ್‌ನಲ್ಲಿ ಗೂಗಲ್ ಸೇವೆಗಳಿಗೆ ತಡೆ ಇದೆ. ಗಡಿ ದಾಟುವ ಮುಂಚೆ ಶೀಟನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳದವರು ವಾಪಸ್ ಬರುವವರೆಗೆ ಕಾಗದದಲ್ಲೇ ಬರೆದುಕೊಳ್ಳಬೇಕು.

ವಿದೇಶಕ್ಕೆ ಹೋದವರಿಗೆ ಫೋನ್ ಕಳೆದರೆ ಅಥವಾ ಕೆಟ್ಟರೆ ಇನ್ನೊಂದು ಕಷ್ಟ. ಹೊಸ ಫೋನಿನಲ್ಲಿ ಖಾತೆ ತೆರೆಯಲು ಒಟಿಪಿ ಕೇಳುತ್ತದೆ, ಅದು ಬರುವುದು ಊರಿನ ಸಿಮ್‌ಗೆ, ಆ ಸಿಮ್ ಕಳೆದ ಫೋನಿನೊಳಗೆ ಇರುತ್ತದೆ. ಗೂಗಲ್ ಖಾತೆಯ ಎರಡು ಹಂತದ ಭದ್ರತೆಯಲ್ಲಿ ಬ್ಯಾಕಪ್ ಕೋಡ್ ಎಂಬ ಅನುಕೂಲವಿದೆ. 8 ಅಂಕಿಗಳ 10 ಕೋಡ್‌ಗಳನ್ನು ಕೊಡುತ್ತದೆ, ಒಂದೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಅವನ್ನು ಚೀಟಿಯಲ್ಲಿ ಬರೆದು ಫೋನಿನಿಂದ ದೂರ, ಬಟ್ಟೆಯ ಚೀಲದಲ್ಲಿಟ್ಟರೆ ಗೂಗಲ್‌ಗೆ ತಡೆಯಿಲ್ಲದ ಯಾವ ದೇಶದಲ್ಲಿದ್ದರೂ ಲೆಕ್ಕ ಕೈಗೆ ಸಿಗುತ್ತದೆ.

ಯಾರೂ ಎಣಿಸದ ಒಂದು ತೊಡಕೂ ಇದೆ. ಗೂಗಲ್ ಕೊಡುವ ಉಚಿತ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಅಷ್ಟೇ. ಯಾತ್ರೆಯಲ್ಲಿ ಗಂಗಾರತಿಯ ವಿಡಿಯೊ ತೆಗೆಯದವರು ಯಾರಿದ್ದಾರೆ? ಅವು ತಾವಾಗಿ ಗೂಗಲ್ ಫೋಟೊಸ್‌ಗೆ ಏರುತ್ತ ಜಾಗ ತುಂಬಿಸುತ್ತವೆ. ಜಾಗ ತುಂಬಿದ ಖಾತೆಯಲ್ಲಿ ಹೊಸ ಶೀಟು ಮಾಡಲಾಗದು, ಇರುವುದನ್ನು ತಿದ್ದುವುದಕ್ಕೂ ತಡೆ ಬೀಳಬಹುದು. ಒನ್‌ಡ್ರೈವ್‌ನ ಉಚಿತ ಜಾಗ 5 ಜಿಬಿ, ಡ್ರಾಪ್‌ಬಾಕ್ಸ್‌ನದು 2 ಜಿಬಿ. ಲೆಕ್ಕದ ಶೀಟಿಗೆ ಬೇಕಾದ ಜಾಗ ಒಂದು ಫೋಟೊಗಿಂತ ಕಡಿಮೆ. ಆದ್ದರಿಂದ ಶೀಟು ಇರುವ ಖಾತೆಯಲ್ಲಿ ವಿಡಿಯೊ ಬ್ಯಾಕಪ್ ನಿಲ್ಲಿಸಿ, ಇಲ್ಲವೇ ಲೆಕ್ಕಕ್ಕೆಂದೇ ಬೇರೆ ಖಾತೆ ಮಾಡಿ.

ಇನ್ನು ಅಂಕಿಗಳ ವಿಷಯ. ಸ್ಪ್ರೆಡ್‌ಶೀಟು ನಾವು ಬರೆದದ್ದನ್ನು ತನ್ನ ಬುದ್ಧಿಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ. ಛತ್ರದಲ್ಲಿ 2 ಮತ್ತು 3ನೇ ರೂಮು ಸಿಕ್ಕಿತೆಂದು 2-3 ಎಂದು ಬರೆದರೆ ಅದು ತಾರೀಖಾಗಿ ಬದಲಾಗುತ್ತದೆ. ಈ ಚಾಳಿಯಿಂದ ವಿಜ್ಞಾನಿಗಳೂ ಬೇಸತ್ತಿದ್ದರು. ಮನುಷ್ಯನ ಕೆಲವು ಜೀನುಗಳ ಹೆಸರು ಮಾರ್ಚ್, ಸೆಪ್ಟೆಂಬರ್ ತಿಂಗಳ ಗುರುತಿನಂತೆ ಇದ್ದು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. ಕೊನೆಗೆ ಜೀನುಗಳಿಗೆ ಹೆಸರಿಡುವ ಸಮಿತಿಯೇ ಅಂಥ ಹೆಸರುಗಳನ್ನು ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ನಮ್ಮ ರೂಮ್ ನಂಬರ್ ಬದಲಿಸಲು ಆಗದು, ಆದರೆ ಆ ಕಾಲಂ ಅನ್ನು ಅಂಕಿಯ ಬದಲು ಪಠ್ಯ ಎಂದು ಗುರುತಿಸಬಹುದು. ತಾರೀಖಿನಲ್ಲೂ ಎಚ್ಚರ ಬೇಕು. ಶೀಟಿನ ಸೆಟ್ಟಿಂಗ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 5/6 ಎಂಬುದು ಮೇ 6 ಆಗುತ್ತದೆ. ಭಾರತ ಎಂದು ಬದಲಿಸಿದರೆ ಜೂನ್ 5 ಆಗಿಯೇ ಉಳಿಯುತ್ತದೆ, 1,00,000 ಎಂಬಲ್ಲಿ ಅಲ್ಪವಿರಾಮವೂ ನಮ್ಮ ಲಕ್ಷದ ಲೆಕ್ಕದಂತೆ ಬೀಳುತ್ತದೆ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಖಚಿತವಾಗಿ ಹಿಡಿಯುವುದರಿಂದ 16 ಅಂಕಿಯ ಸಂಖ್ಯೆಯ ಕೊನೆಯದು ಸೊನ್ನೆಯಾಗಿಬಿಡುತ್ತದೆ. ಇವನ್ನೂ ಪಠ್ಯ ಎಂದೇ ಗುರುತಿಸಬೇಕು.

ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಎದುರಾಗುವ ಸಂಕಟವೊಂದಿದೆ. ನಮ್ಮ ಸಂಘ-ಸಂಸ್ಥೆಗಳ, ದೇವಸ್ಥಾನ ಸಮಿತಿಗಳ ಎಷ್ಟೋ ಎಕ್ಸೆಲ್ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿವೆ. ಅವುಗಳಲ್ಲಿ ಕನ್ನಡ ಅಕ್ಷರ ಕಾಣುವುದು ಆ ಫಾಂಟಿನ ಬಲದಿಂದ. ಫೈಲಿನೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫೋನಿನಲ್ಲಿ ಆ ಫಾಂಟ್ ಇಲ್ಲ. ಹಾಗಾಗಿ ಊರಿನ ಕಂಪ್ಯೂಟರಿನಲ್ಲಿ ಚೆಂದವಾಗಿ ಕಂಡ ಯಾತ್ರಿಕರ ಹೆಸರುಗಳು ದಾರಿಯಲ್ಲಿ ಓದಲಾಗದ ಚಿಹ್ನೆಗಳ ಗುಂಪಾಗುತ್ತವೆ. ಫೋನಿನ ಕನ್ನಡ ಯೂನಿಕೋಡ್. ಹೊರಡುವ ಮುಂಚೆ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಒಮ್ಮೆ ಯೂನಿಕೋಡ್ ಆದರೆ ಹೆಸರು ಹುಡುಕಬಹುದು, ಅಕಾರಾದಿಯಲ್ಲಿ ಜೋಡಿಸಬಹುದು, ಫೋನಿಗೆ ಕನ್ನಡದಲ್ಲೇ ಹೇಳಿ ಬರೆಸಬಹುದು. ವಯಸ್ಸಾದ ಮ್ಯಾನೇಜರ್‌ಗಳಿಗೆ ಆ ಕೊನೆಯದು ಬಹಳ ಉಪಕಾರ.

ಫೋನಿನ ಪರದೆ ಕಿರಿದು, ಹೆಚ್ಚೆಂದರೆ ನಾಲ್ಕು ಕಾಲಂ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅಡ್ಡಡ್ಡ ಇಪ್ಪತ್ತು ಕಾಲಂ ಎಳೆದ ಶೀಟನ್ನು ಓಡುವ ಬಸ್ಸಿನಲ್ಲಿ ತುಂಬುವುದು ಹಿಂಸೆ. ತಾರೀಖು, ಬಾಬತ್ತು, ಮೊತ್ತ, ಕೊಟ್ಟವರು ಎಂಬ ನಾಲ್ಕೇ ಕಾಲಂ ಇರಲಿ, ಖರ್ಚಿಗೊಂದು ಸಾಲಿನಂತೆ ಕೆಳಕ್ಕೆ ಬೆಳೆಯಲಿ. ತಲೆಸಾಲು ಮೇಲೇ ನಿಲ್ಲುವಂತೆ ಕಟ್ಟಿಹಾಕಿ. ಬಾಬತ್ತನ್ನು ಪ್ರತಿ ಸಲ ಟೈಪ್ ಮಾಡುವ ಬದಲು ಆರಿಸಿಕೊಳ್ಳುವ ಪಟ್ಟಿ ಮಾಡಿಕೊಟ್ಟರೆ ಒಬ್ಬರು ‘ಡೀಸೆಲ್’ ಇನ್ನೊಬ್ಬರು ‘ಡಿಸೇಲ್’ ಎಂದು ಬರೆದು ಕೂಡಿಕೆ ತಪ್ಪುವುದಿಲ್ಲ. ಬೆರಳು ತಾಗಿ ಫಾರ್ಮುಲಾ ಅಳಿಯದಂತೆ ಕೂಡಿಕೆಯ ಸೆಲ್‌ಗಳಿಗೆ ಬೀಗ ಹಾಕುವ ಕೆಲಸವನ್ನು ಊರಿನ ಕಂಪ್ಯೂಟರಿನಲ್ಲೇ ಮುಗಿಸಿ. ಹಾಗೂ ಏನಾದರೂ ಅಳಿದರೆ ಗಾಬರಿ ಬೇಡ. ಗೂಗಲ್ ಶೀಟ್ಸ್, ಒನ್‌ಡ್ರೈವ್ ಎರಡೂ ಹಳೆಯ ಆವೃತ್ತಿಗಳನ್ನು ಕಾದಿಟ್ಟಿರುತ್ತವೆ. ಊರಿನಲ್ಲಿರುವವರಿಗೆ ಫೋನ್ ಮಾಡಿದರೆ ಕಂಪ್ಯೂಟರಿನಲ್ಲಿ ನಿನ್ನೆಯ ಸ್ಥಿತಿಗೆ ಮರಳಿಸಿಕೊಡಬಹುದು.

ಕೊನೆಗೆ ನನ್ನನ್ನು ನಿಜಕ್ಕೂ ಕಾಡುವ ವಿಷಯ. ಯಾತ್ರೆಯ ಶೀಟಿನಲ್ಲಿ ಖರ್ಚಿನ ಜತೆ ಜನರ ವಿವರವೂ ಇರುತ್ತದೆ. ಹೆಸರು, ವಯಸ್ಸು, ಫೋನ್ ನಂಬರ್, ಆಧಾರ್, ಕಾಯಿಲೆ, ಮನೆಯಲ್ಲಿ ಯಾರೂ ಇಲ್ಲದ ದಿನಗಳು. ಇದೆಲ್ಲ ಇರುವ ಶೀಟಿಗೆ ‘ಲಿಂಕ್ ಇದ್ದವರು ಯಾರಾದರೂ ತಿದ್ದಬಹುದು’ ಎಂಬ ಅನುಮತಿ ಕೊಟ್ಟು ಅರವತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ಕಂಡಾಗ ಭಯವಾಗುತ್ತದೆ. ಆ ಲಿಂಕ್ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು. ಬರೆಯಬೇಕಾದವರ ಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ. ಮಿಕ್ಕವರಿಗೆ ಖರ್ಚು ತೋರಿಸಬೇಕಿದ್ದರೆ ಜನರ ವಿವರವಿಲ್ಲದ ಬೇರೆ ಶೀಟನ್ನು ನೋಡಲಷ್ಟೇ ಕೊಡಿ. ಆಧಾರ್‌ನ ಪೂರ್ತಿ ಸಂಖ್ಯೆ ಬರೆಯುವ ಅಗತ್ಯವಿಲ್ಲ, ಆಧಾರ್ ಪ್ರಾಧಿಕಾರವೇ ಕೊನೆಯ 4 ಅಂಕಿ ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಕೊಡುತ್ತದೆ. ನಂಬಿ ಬಂದ ಹಿರಿಯರ ವಿವರ ಕಾಯುವುದು ಅವರನ್ನು ಕೈಹಿಡಿದು ರಸ್ತೆ ದಾಟಿಸುವಷ್ಟೇ ಮುಖ್ಯವಾದ ಹೊಣೆ. ಯಾತ್ರೆ ಮುಗಿದು ಲೆಕ್ಕ ಚುಕ್ತಾ ಆದ ಮೇಲೆ ಆ ವಿವರಗಳನ್ನು ಅಳಿಸಿಬಿಡಿ.

ಹೊರಡುವ ಹಿಂದಿನ ರಾತ್ರಿ ಸಾಮಾನು ಕಟ್ಟಿದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಂದು ಪರೀಕ್ಷೆ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಶೀಟು ತೆರೆಯಿರಿ. ತೆರೆದರೆ ಒಂದು ಸಾಲು ಬರೆಯಿರಿ. ಮತ್ತೆ ನೆಟ್ ಹಾಕಿ, ಆ ಸಾಲು ಮನೆಯ ಇನ್ನೊಂದು ಫೋನಿನಲ್ಲಿ ಕಾಣುತ್ತದೆಯೇ ನೋಡಿ. ಕಂಡರೆ ನಿಮ್ಮ ಲೆಕ್ಕ ಪ್ರಯಾಣಕ್ಕೆ ಸಿದ್ಧವಾಗಿದೆ. ಕಾಣದಿದ್ದರೆ ಸರಿಪಡಿಸಲು ಬಸ್ಸು ಹೊರಡುವವರೆಗೆ ಸಮಯವಿದೆ.